ಒಣಸಿಗಡಿಗೆ ಕೂತ ಟರ್ಬೊ

ಶ್ರೀನಿವಾಸಮೂರ್ತಿಗಳ ಮೇಲೆ ಸೇಸಪ್ಪನಿಗಿರುವ ಸಿಟ್ಟು ಇವತ್ತಿಗೂ ಇಳಿದಿಲ್ಲ. ಊದ್ ಮೇಥಾದ ಸಭಾಂಗಣದಲ್ಲಿ, ದುಬೈಯ ಕನ್ನಡದವರೆಲ್ಲ ಸೇರಿದ್ದ ದೀಪಾವಳಿ ಕಾರ್ಯಕ್ರಮದಲ್ಲಿ ಆ ಮನುಷ್ಯ ಮೈಕು ಹಿಡಿದು ಹೇಳಿದ್ದು ಇಷ್ಟು: "ನಮ್ಮ ಸೇಸಪ್ಪನವರ ನಾಯಿಗೆ ಬಾಂಬಿಗಿಂತ ಬಂಗುಡೆನೇ ಇಷ್ಟವಂತೆ!" ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದಕ್ಕೆ ತನ್ನ ತಕರಾರಿಲ್ಲ ಎಂದು ಸೇಸಪ್ಪ ಹೇಳುತ್ತಾನೆ. ಹೇಳುವಾಗ ಮೂಗಿನ ಹೊಳ್ಳೆ ಮಾತ್ರ ಅರಳುತ್ತದೆ. ತಕರಾರು ಬೇರೆ. ಅದು ಬಂಗುಡೆ ಆಗಿರಲಿಲ್ಲ. ಸಿಗಡಿ. ಒಣಸಿಗಡಿ! ಮೀನಿನ ತಲೆ ಯಾವುದು ಬಾಲ ಯಾವುದು ಎಂದು ತಿಳಿಯದವರ ಕೈಗೆ ಮೈಕು ಕೊಟ್ಟರೆ ಆಗುವುದು ಹೀಗೆಯೇ.

ಸೇಸಪ್ಪ ಮಲ್ಪೆ ಕಡೆಯವನು. ಮೇಷ್ಟ್ರ ಹತ್ತಿರ ಜಗಳ ಮಾಡಿ ಶಾಲೆ ಬಿಟ್ಟವನು, ಬೋಟಿನವರ ಹತ್ತಿರ ಜಗಳ ಮಾಡಿ ಕಡಲು ಬಿಟ್ಟವನು. ದುಬೈಗೆ ಬಂದ ಮೇಲೆ ಜಗಳಕ್ಕೆ ಅವಕಾಶ ಕಡಿಮೆಯಾಗಿ ಒಂದು ಕೆಲಸದಲ್ಲಿ ನಿಂತ. ಬಂದೂಕು, ಮದ್ದು, ಪಟಾಕಿಗಳ ಮೇಲೆ ಕಣ್ಣಿಡುವ ಫೆಡರಲ್ ಕಚೇರಿಯೊಂದರ ಶಾಖೆ ಅದು. ಬೇಟೆ ಕೋವಿ ಮಾರುವ ಅಂಗಡಿಯ ಪರವಾನಗಿ ನೋಡುವುದು, ಕಳ್ಳ ಪಟಾಕಿ ತುಂಬಿದ ಗೋದಾಮಿಗೆ ಬೀಗ ಜಡಿಯುವುದು, ಬಂಡೆ ಒಡೆಯುವವರು ತರಿಸಿದ ಸಿಡಿಮದ್ದು ಎಲ್ಲಿಗೆ ಹೋಯಿತೆಂದು ಕೇಳುವುದು, ಇದೆಲ್ಲ ಸಾಹೇಬರುಗಳ ಕೆಲಸ. ಮದ್ದು ಮೂಸುವುದು ಟರ್ಬೊ ಎಂಬ ನಾಯಿಯ ಕೆಲಸ. ಟರ್ಬೊಗೆ ಸ್ನಾನ ಮಾಡಿಸಿ, ಗೂಡು ತೊಳೆದು, ಹೊತ್ತಿಗೆ ಸರಿಯಾಗಿ ಡಬ್ಬದಲ್ಲಿ ಬರುವ ನಾಯಿತಿಂಡಿಯ ಕಾಳು ಹಾಕುವುದು ಸೇಸಪ್ಪನ ಕೆಲಸ. ಆದರೆ ನೈಫ್‌ನಲ್ಲಿ ಅವನಿದ್ದ ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ "ನಾನು ಸ್ಫೋಟಕ ವಿಭಾಗದಲ್ಲಿ" ಎನ್ನುತ್ತಿದ್ದ. ಹಾಗಾಗಿ ಲಿಫ್ಟಿನಲ್ಲಿ ಅವನಿಗೆ ಜಾಗ ಧಾರಾಳವಾಗಿ ಸಿಗುತ್ತಿತ್ತು.

ಟರ್ಬೊವನ್ನು ಅವನು ಟರ್ಬೊ ಎಂದು ಕರೆದದ್ದೇ ಇಲ್ಲ. ಅವನಿಗೆ ಅದು ಬೊಗ್ಗು. ತುಳುವರ ಅಂಗಳದಲ್ಲಿ ಹುಟ್ಟಿದ ಅರ್ಧದಷ್ಟು ನಾಯಿಗಳ ಹೆಸರು ಅದು.

ಆ ವರ್ಷದ ಬೇಸಿಗೆಯಲ್ಲಿ ಬೊಗ್ಗು ಊಟ ಬಿಟ್ಟಿತು. ಡಬ್ಬದ ಕಾಳನ್ನು ಮೂಸುವುದು, ಸೇಸಪ್ಪನ ಮುಖ ನೋಡುವುದು, ಹೋಗಿ ಮಲಗುವುದು. ಕಾಳು ಬಿಟ್ಟು ಬೇರೇನೂ ಕೊಡಬಾರದು ಎಂಬುದು ಕಚೇರಿಯ ಕಟ್ಟುನಿಟ್ಟು. ಆದರೆ ಎದುರಿಗೆ ಒಂದು ಜೀವ ಉಪವಾಸ ಮಲಗಿರುವಾಗ ತಾನೊಬ್ಬನೇ ಬುತ್ತಿ ಬಿಚ್ಚಿ ಉಣ್ಣುವುದು ಹೇಗೆ? ಹೆಂಡತಿ ಜಲಜಾಕ್ಷಿ ಕಟ್ಟಿಕೊಟ್ಟ ಕುಚ್ಚಲಕ್ಕಿ ಅನ್ನದ ಪಕ್ಕದಲ್ಲಿ ಹುರಿದ ಒಣಸಿಗಡಿ ಇತ್ತು. ಒಂದು ಚಿಟಿಕೆ ಕೊಟ್ಟ. ಬೊಗ್ಗುವಿನ ಬಾಲ ಆ ವಾರದಲ್ಲಿ ಮೊದಲ ಸಲ ಅಲ್ಲಾಡಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಕತೆ ಇರುತ್ತಿರಲಿಲ್ಲ. ಆದರೆ ನಿಂತು ತಿಂದ ಅನ್ನ ಮೈಗೆ ಹತ್ತುವುದಿಲ್ಲ ಎಂದು ಬೆನ್ನಿಗೆ ಬಾರಿಸಿ ಕೂರಿಸುತ್ತಿದ್ದ ತಾಯಿಯ ಮಗ ಅವನು. ನಾಯಿಯಾದರೇನು, ಮರ್ಯಾದೆ ಬೇಡವೇ? "ಕುಳ್ಳು ಬೊಗ್ಗು, ಕೂತು ತಿನ್ನು" ಎಂದು ದಿನಾ ಹೇಳಿ, ಸಿಗಡಿ ಕಂಡೊಡನೆ ಸದ್ದಿಲ್ಲದೆ ಕೂರುವುದನ್ನು ಕಲಿಸಿಬಿಟ್ಟ. ಮದ್ದಿನ ವಾಸನೆ ಸಿಕ್ಕಿದಾಗ ಬೊಗಳದೆ, ಸದ್ದಿಲ್ಲದೆ ಕೂರಬೇಕು ಎಂದು ಕಚೇರಿಯವರು ಎರಡು ವರ್ಷ ತಿಣುಕಿ ಅದಕ್ಕೆ ಕಲಿಸಿದ್ದರು ಎನ್ನುವುದು ಸೇಸಪ್ಪನಿಗೆ ಗೊತ್ತಿಲ್ಲದ್ದೇನಲ್ಲ. ಅದು ಡ್ಯೂಟಿ, ಇದು ಊಟ ಎಂದು ಬೊಗ್ಗುವಿಗೆ ಗೊತ್ತಾಗದೇ ಇರುತ್ತದಾ, ಎಂದುಕೊಂಡ.

ದೀಪಾವಳಿ ಬಂತು. ಹಿಂದಿನ ವರ್ಷ ಯಾರೋ ಪುಣ್ಯಾತ್ಮರು ಪಾರ್ಕಿಂಗಿನಲ್ಲಿ ಪಟಾಕಿ ಹೊಡೆದಿದ್ದರಿಂದ ಈ ಸಲ ಕಾರ್ಯಕ್ರಮಕ್ಕೆ ಮೊದಲು ಸಭಾಂಗಣದ ತಪಾಸಣೆ ಆಗಬೇಕೆಂದು ಆದೇಶವಾಯಿತು. ಕಚೇರಿಯ ಮುಖ್ಯಸ್ಥರು, ಎಲ್ಲರೂ ಮುದೀರ್ ಎಂದು ಕರೆಯುವ ಅರಬರು, ಟರ್ಬೊ ಜೊತೆ ಬಂದರು. ಸೇಸಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹಗ್ಗದ ತುದಿ ಹಿಡಿದಿದ್ದ. ಊರವರ ಎದುರು ಹೀಗೆ ನಡೆಯುವ ಯೋಗ ಎಲ್ಲರಿಗೂ ಬರುತ್ತದಾ?

ವೇದಿಕೆಯ ಹಿಂದೆ ಹೆಂಗಸರ ಚೀಲಗಳ ರಾಶಿ. ಟರ್ಬೊ ಒಂದು ಚೀಲದ ಎದುರು ನಿಂತಿತು, ಮೂಸಿತು, ಕೂತಿತು. ಸದ್ದಿಲ್ಲದೆ.

ಐದು ನಿಮಿಷದಲ್ಲಿ ರೇಷ್ಮೆ ಸೀರೆಗಳೆಲ್ಲ ಪಾರ್ಕಿಂಗಿನ ಸೆಕೆಯಲ್ಲಿ ನಿಂತಿದ್ದವು. ದಪ್ಪ ಅಂಗಿ ತೊಟ್ಟ ಇಬ್ಬರು ಚೀಲವನ್ನು ಹಸುಗೂಸಿನ ಹಾಗೆ ಎತ್ತಿ, ಉಸಿರು ಹಿಡಿದು ಬಿಚ್ಚಿದರು. ಒಳಗೆ ಒಂದು ಬಾಟಲಿ ಸಿಗಡಿ ಚಟ್ನಿ. ಕಚೇರಿಯ ವ್ಯಾನಿನ ಡ್ರೈವರ್ ಲೂರ್ದ್‌ನ ಹೆಂಡತಿ ಊರಿನಲ್ಲಿರುವುದರಿಂದ ಪಾಪ ಎಂದು ಜಲಜಾಕ್ಷಿ ಅವನಿಗಾಗಿ ಮಾಡಿ ತಂದದ್ದು.

ಜನ ಒಳಗೆ ಬಂದು ಕೂತ ಮೇಲೆಯೇ ಸಂಘದ ಕಾರ್ಯದರ್ಶಿ ಮೂರ್ತಿಗಳು ಆ ಬಂಗುಡೆಯ ಮಾತು ಹೇಳಿದ್ದು. ಹೊರಗೆ ಮುದೀರ್ ನಗುತ್ತಿರಲಿಲ್ಲ.

"ಸೇಸಪ್ಪ, ಇದು ಯಾರ ಕೆಲಸ?"

"ನಾಯಿ ಉಪವಾಸ ಇತ್ತು ಸಾರ್! ಆ ಕಾಳು ಒಮ್ಮೆ ನೀವೇ ತಿಂದು ನೋಡಿ!"

"ನಾನು ತಿಂದು ಕೆಟ್ಟರೆ ಯಾರೂ ಸಾಯುವುದಿಲ್ಲ. ಇದರ ಮೂಗು ಕೆಟ್ಟರೆ ಸಾಯುತ್ತಾರೆ." ಮುದೀರ್ ದನಿ ಏರಿಸಲಿಲ್ಲ. "ಮುಂದಿನ ತಿಂಗಳು ಅಬುಧಾಬಿಯಲ್ಲಿ ಪರೀಕ್ಷೆ. ಅಲ್ಲಿಯವರೆಗೆ ಇದಕ್ಕೆ ಡ್ಯೂಟಿ ಮಾಫಿ. ಫೇಲಾದರೆ ನಾಯಿಯೂ ಖಲಾಸ್, ನಿನ್ನ ವೀಸಾವೂ ಖಲಾಸ್."

ಸೇಸಪ್ಪ ಬದುಕಿನಲ್ಲಿ ಮೊದಲ ಬಾರಿಗೆ ಜಗಳ ಬಿಟ್ಟು, "ಈಗ ಏನು ಮಾಡಬೇಕು ಸಾರ್?" ಎಂದು ಕೇಳಿದ.

ಈ ಚಾಳಿಗೆ ಮದ್ದನ್ನು ಮುದೀರ್ ಅವರೇ ಹೇಳಿದರು. ಬೇರೆ ಯಾರಾದರೂ ಸಿಗಡಿ ಹಿಡಿದು ನಾಯಿಯೆದುರು ಕೂರಬೇಕು. ನಾಯಿ ಕೂತರೆ ಏನೂ ಕೊಡಬಾರದು. ಕೂತು ಕೂತು ಬೇಜಾರಾಗಿ ಅದೇ ಎದ್ದು ಹೋಗಬೇಕು. ಸೇಸಪ್ಪ ಬೇಲಿಯ ಆಚೆ.

ಮೊದಲು ಲೂರ್ದ್ ಕೂತ. ಎರಡನೇ ದಿನಕ್ಕೇ ಕೊಟ್ಟುಬಿಟ್ಟ. "ಎಂತ ಮಾಡುದು ಸೇಸಪ್ಪಣ್ಣ, ಅದು ನೋಡುದು ನೋಡಿದ್ರೆ ಊರಲ್ಲಿ ನನ್ನ ಹೆಂಡ್ತಿ ಬೆಟ್ಟಿ ನೋಡಿದ ಹಾಗೇ ಆಗ್ತದೆ ಮಾರಾಯ!" ಜಲಜಾಕ್ಷಿ ಕೂತಳು; ಅವಳು ಮೊದಲ ದಿನವೇ ಕೊಟ್ಟಳು. "ನಿನಗೆ ಬುದ್ಧಿ ಉಂಟಾ?" ಎಂದು ಸೇಸಪ್ಪ ಬೇಲಿಯಾಚೆಯಿಂದ ಕೂಗಿದ. "ಕಲಿಸಿದ್ದು ಯಾರು, ನಾನಾ?" ಎಂದು ಅವಳು ತಿರುಗಿ ಕೇಳಿದಳು. ಕರಾವಳಿಯ ಕೈಯಲ್ಲಿ ಮೀನಿದ್ದು ಎದುರಿಗೆ ಹಸಿದ ಬಾಯಿ ಇದ್ದರೆ ಆ ಕೈ ಮುಚ್ಚಿರುವುದಿಲ್ಲ. ಅದಕ್ಕೆ ಪರೀಕ್ಷೆ, ವೀಸಾ ಎಲ್ಲ ಅರ್ಥವಾಗುವುದಿಲ್ಲ.

ಜಲಜಾಕ್ಷಿ ಮಿರ್ದಿಫ್‌ನಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದದ್ದು ಅದೇ ಮೂರ್ತಿಗಳ ಮನೆಗೆ. ಈರುಳ್ಳಿಗೂ ವಾರ ನೋಡುವ ಮನೆ ಅದು.

"ಏನ್ ಜಲಜಾಕ್ಷಿ, ಸಾರಿಗೆ ಎರಡು ಸಲ ಉಪ್ಪು ಹಾಕಿದೀರ?" ಎಂದರು ಮೂರ್ತಿಗಳ ಹೆಂಡತಿ ಸುಶೀಲಮ್ಮ. ಜಲಜಾಕ್ಷಿ ಸೌಟು ಹಿಡಿದೇ ಅತ್ತು ಎಲ್ಲ ಹೇಳಿದಳು. ಸುಶೀಲಮ್ಮ ಒಲೆ ಆರಿಸಿದರು.

"ಅಂದ್ರೆ, ಮೀನು ಕೊಡದೇ ಇರೋರು ಬೇಕು ತಾನೇ? ನಾನು ಕೊಡಲ್ಲ."

"ಅಮ್ಮಾ, ಕೈಯಲ್ಲಿ ಹಿಡ್ಕೊಳ್ಳಬೇಕಾಗ್ತದೆ."

"ಡಬ್ಬಿಗೆ ಮುಚ್ಚಳ ಇರುತ್ತಲ್ವ?"

"ಇರುದಿಲ್ಲ ಅಮ್ಮಾ."

ಸುಶೀಲಮ್ಮ ದೇವರ ಮನೆಯ ಕಡೆ ಒಮ್ಮೆ ನೋಡಿದರು. "ಇರಲಿ. ಬಂದು ತಲೆಗೆ ಸ್ನಾನ ಮಾಡಿದ್ರಾಯ್ತು."

ಮಾರನೆಯ ದಿನ ನಾಯಿಗೂಡಿನ ಬಯಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮೂಗಿಗೆ ಕರ್ಪೂರ ಕಟ್ಟಿದ ಕರವಸ್ತ್ರ ಹಿಡಿದು, ಇನ್ನೊಂದು ಕೈಯಲ್ಲಿ ಒಣಸಿಗಡಿಯ ಡಬ್ಬಿಯನ್ನು ಮೈಯಿಂದ ಆದಷ್ಟು ದೂರ ಚಾಚಿ ಸುಶೀಲಮ್ಮ ಕೂತರು. ಟರ್ಬೊ ಎದುರು ಕೂತಿತು. ಸುಶೀಲಮ್ಮ ದೇವರನಾಮ ಗುನುಗಿದರು. ಟರ್ಬೊ ತಲೆ ಓರೆ ಮಾಡಿತು. "ಹಾಗೆಲ್ಲ ನೋಡ್ಬೇಡಪ್ಪ. ಕೊಟ್ರೆ ನಿಮ್ಮ ಸೇಸಪ್ಪನ ಅನ್ನ ಹೋಗುತ್ತೆ." ಕಾರಿನೊಳಗೆ ಗಾಜು ಏರಿಸಿ ಕೂತ ಮೂರ್ತಿಗಳು ಆಗಾಗ ಗಡಿಯಾರ ನೋಡಿಕೊಳ್ಳುತ್ತಿದ್ದರು. ಬೇಲಿಯಾಚೆ ನಿಂತ ಸೇಸಪ್ಪ ಎಲ್ಲಿ ನೋಡಬೇಕೆಂದು ತಿಳಿಯದೆ ತನ್ನ ಚಪ್ಪಲಿ ನೋಡುತ್ತಿದ್ದ.

ಸುಶೀಲಮ್ಮ ದಿನವೂ ಬಂದರು. ಹಬ್ಬದ ದಿನ, ಉಪವಾಸದ ದಿನವೂ ಬಂದರು. ಒಂದು ದಿನ ಟರ್ಬೊ ಡಬ್ಬಿ ಮೂಸಿ, ಕೂರದೆ, ಆಕಳಿಸಿ ಹೊರಟುಹೋಯಿತು. "ಅಯ್ಯೋ, ಹೋಗೇಬಿಟ್ಟ!" ಎಂದು ಸುಶೀಲಮ್ಮ ಒಂಥರಾ ಬೇಸರದಲ್ಲೇ ಎದ್ದರು.

ಅಬುಧಾಬಿಯಲ್ಲಿ ಸಾಲಾಗಿ ಪೆಟ್ಟಿಗೆಗಳು. ಒಂದರಲ್ಲಿ ಮದ್ದು, ಇನ್ನೊಂದರಲ್ಲಿ ಬೇಕೆಂದೇ ಇಟ್ಟ ಸಿಗಡಿ. ಸಿಗಡಿಯ ಪೆಟ್ಟಿಗೆ ಬಂದಾಗ ಟರ್ಬೊ ನಿಂತಿತು. ತಿರುಗಿ ಸೇಸಪ್ಪನನ್ನು ನೋಡಿತು. ಸೇಸಪ್ಪ ಕಣ್ಣು ಮುಚ್ಚಿಕೊಂಡ. ಕಣ್ಣು ಬಿಟ್ಟಾಗ ಅದು ಮುಂದೆ ಹೋಗಿ ಸರಿಯಾದ ಪೆಟ್ಟಿಗೆಯೆದುರು ಕೂತಿತ್ತು. ಮುದೀರ್ ಬಹುಮಾನದ ಚೆಂಡು ಎಸೆದರು. ಸೇಸಪ್ಪ ವ್ಯಾನಿನ ಹಿಂದೆ ಹೋಗಿ, ಕಣ್ಣಿಗೆ ಮರಳು ಹೋಯಿತೆಂದು ಲೂರ್ದ್‌ನಿಗೆ ಬೈದ.

ಆ ವಾರವೇ ಸೀರೆ, ಮಲ್ಲಿಗೆ ಹಿಡಿದು ಗಂಡ ಹೆಂಡತಿ ಮಿರ್ದಿಫ್‌ಗೆ ಹೋದರು. ಸುಶೀಲಮ್ಮ ಮಲ್ಲಿಗೆ ಮಾತ್ರ ಇಟ್ಟುಕೊಂಡರು. "ಸೀರೆ ಜಲಜಾಕ್ಷಿ ಉಡಲಿ. ನಾಯಿ ಚೆನ್ನಾಗಿದ್ಯಾ?" ನಿಮ್ಮ ಉಪಕಾರ ಮರೆಯುವುದಿಲ್ಲ ಎಂಬ ಮಾತನ್ನು ಸೇಸಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ. ಅಷ್ಟರಲ್ಲಿ ಮೂರ್ತಿಗಳು ಕಾಫಿ ಹಿಡಿದು ಬಂದದ್ದರಿಂದ, ಅವರೆದುರು ಆ ಮಾತು ಹೊರಡಲಿಲ್ಲ.

ಮುಂದಿನ ವರ್ಷ ಮೂರ್ತಿ ದಂಪತಿ ಮೈಸೂರಿಗೆ ವಾಪಸು ಹೊರಟರು. ಈ ಸಲ ಹೇಳಿಯೇ ಬಿಡುವುದೆಂದು ಸೇಸಪ್ಪ ವಿಮಾನ ನಿಲ್ದಾಣಕ್ಕೆ ಹೋದ. ಗಾಡಿ ನಿಲ್ಲಿಸಿದ ಕೂಡಲೇ ಅಲ್ಲಿನ ಗಾರ್ಡ್ "ಯಲ್ಲಾ ಯಲ್ಲಾ", ಬೇಗ ಹೊರಡು, ಎಂದು ಸಿಳ್ಳೆ ಊದಿದ. ಸೇಸಪ್ಪನಿಗೆ ಸಿಟ್ಟು ಬಂತು. ಗಾರ್ಡಿಗೆ ಹೇಳಬೇಕಾದ್ದನ್ನೆಲ್ಲ ಹೇಳಿ ತಿರುಗುವಾಗ ಸುಶೀಲಮ್ಮ ಗಾಜಿನ ಬಾಗಿಲಿನ ಆಚೆ, ಕೈ ಬೀಸುತ್ತಿದ್ದರು.

"ಒಂದು ಫೋನಾದ್ರೂ ಮಾಡಬಾರದಾ?" ಎಂದು ಜಲಜಾಕ್ಷಿ ಈಗಲೂ ಕೇಳುತ್ತಾಳೆ.

"ಇಂಥದ್ದೆಲ್ಲ ಫೋನಿನಲ್ಲಿ ಹೇಳುದಾ? ಮೈಸೂರಿಗೇ ಹೋಗಿ ಹೇಳುತ್ತೇನೆ."

ರಜೆಯಲ್ಲಿ ಊರಿಗೆ ಬಂದಾಗಲೆಲ್ಲ ಉಡುಪಿಯಿಂದ ಮೈಸೂರಿನ ಬಸ್ಸು ಹೊರಡುತ್ತದೆ. ಸೇಸಪ್ಪ ಹೊರಡುವುದಿಲ್ಲ.