ನಲ್ಲಿ ಬಿಟ್ಟು ಹೇಳಿದ ಮಾತು

ಹೋದ ಭಾನುವಾರ ಲಂಡನ್ನಿನ ಎಜ್‌ವೇರಿನಲ್ಲಿ ಪರಿಚಯದವರೊಬ್ಬರ ಮನೆಯಲ್ಲಿ ಊಟಕ್ಕೆ ಮೊದಲು ಒಂದು ಪುಟ್ಟ ಬಟ್ಟಲು ಕೈಗೆ ಬಂತು. ತೆಂಗಿನಹಾಲಿನಲ್ಲಿ ಜಜ್ಜಿ ಹಾಕಿದ ಹೊಸ ಭತ್ತದ ಅಕ್ಕಿ, ನಾಲ್ಕೋ ಐದೋ ಕಾಳು. ಆ ಹಸಿ ಹೊಟ್ಟಿನ ವಾಸನೆ ಮೂಗಿಗೆ ತಗುಲಿದ್ದೇ ತಡ, ಇಲ್ಫರ್ಡಿನ ನಮ್ಮ ಪಕ್ಕದ ಮನೆಯಲ್ಲಿದ್ದ, ಬಾಯಿ ಎಂದು ನಾವು ಕರೆಯುತ್ತಿದ್ದವರು ಎದುರಿಗೆ ಬಂದು ನಿಂತಂತಾಯಿತು. ತೀರಿಕೊಂಡು ಎಷ್ಟೋ ವರ್ಷವಾದವರು... ಅವರದೊಂದು ಮಾತು ನನ್ನ ಹತ್ತಿರವೇ ಉಳಿದುಬಿಟ್ಟಿತ್ತು. ಸೇರಬೇಕಾದ್ದು ಅವರ ಮಗಳಿಗೆ. ಹೇಳುವ ಧೈರ್ಯ ನನಗೆ ಬಂದಿರಲಿಲ್ಲ.

ತೊಂಬತ್ತರ ದಶಕ. ಅವರು ಉಡುಪಿ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ನಾವು ಮೈಸೂರು ಕಡೆಯ ಕ್ರೈಸ್ತರು. ಚರ್ಚು ಒಂದೇ, ನಡುವಿನ ಮಾತು ಕನ್ನಡ. ಕರಾವಳಿಯಲ್ಲಿ ಕ್ರೈಸ್ತ ಹೆಂಗಸರನ್ನು ಬಾಯಿ ಎಂದು ಕರೆಯುತ್ತಾರಂತೆ, ನಾವೂ ಹಾಗೇ ಕರೆದೆವು. "ಹೆಸರೇ ಬಾಯಿ. ಇನ್ನು ಸುಮ್ಮನೆ ಇರಿ ಅಂದ್ರೆ ಹೇಗಿರ್ತಾರೆ?" ಎಂದು ನಮ್ಮ ಮನೆಯವರು ರೇಗಿಸುತ್ತಿದ್ದರು. ಕಷ್ಟವನ್ನು ನಗುನಗುತ್ತ ಹೇಳಿಕೊಳ್ಳುವ ಬಾಯಿ ಅದು. ಒಳ್ಳೆಯದೇನಾದರೂ ಆದರೆ ಮಾತ್ರ ಮುಚ್ಚಿಕೊಳ್ಳುತ್ತಿತ್ತು. ಗಂಡನಿಗೆ ಪಾರ್ಕ್ ರಾಯಲ್‌ನ ಫ್ಯಾಕ್ಟರಿಯಲ್ಲಿ ಕೆಲಸ ಖಾಯಂ ಆದ ದಿನ ಕರ್ಟನ್ ಎಳೆದುಕೊಂಡು ಅತ್ತಿದ್ದರು. "ಇದಕ್ಕೆ ಬದಲು ಎಂತ ಕೇಳ್ತಾನೋ ದೇವರು!"

ಕಾರಣವಿತ್ತು. ಊರಲ್ಲಿ ಅವರ ಅಪ್ಪ ಹೊಸ ಮನೆ ಕಟ್ಟಿಸಿ, ಫಾದರ್ ಕೈಯಲ್ಲಿ ಆಶೀರ್ವಾದ ಮಾಡಿಸಿದ ವಾರದಲ್ಲೇ ಇವರ ತಮ್ಮ ಬಾವಿಗೆ ಬಿದ್ದು ತೀರಿಕೊಂಡನಂತೆ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವರಿಗೆ ಮಗಳು ಹುಟ್ಟಿದಳು. ನೋಡಲು ಹೋದ ನಾನು ಬಾಯಿ ತೆರೆಯುವ ಮೊದಲೇ, "ಚಂದ ಉಂಟು ಅಂತ ಮಾತ್ರ ಹೇಳ್ಬೇಡಿ ಮಾರಾಯ್ತಿ" ಎಂದರು. ಹುಡುಗಿ ಸ್ಕೂಲಿನಲ್ಲಿ ಬಹುಮಾನ ತಂದರೆ, "ಅದೆಲ್ಲ ಎಲ್ರಿಗೂ ಕೊಡ್ತಾರೆ" ಎಂದು ಡ್ರಾಯರಿಗೆ ತುರುಕುತ್ತಿದ್ದರು. "ಮಮ್ಮಿ ನೆವರ್ ಲೈಕ್ಸ್ ಎನಿಥಿಂಗ್, ಆಂಟಿ" ಎಂದು ಅವಳು ನನ್ನ ಅಡುಗೆಮನೆಗೆ ಬಂದು ಕೂರುತ್ತಿದ್ದಳು.

ಸೆಪ್ಟೆಂಬರಿನಲ್ಲಿ ಮರಿಯಮ್ಮನವರ ಹುಟ್ಟುಹಬ್ಬ, ಕರಾವಳಿಯವರಿಗೆ ತೆನೆ ಹಬ್ಬ. ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಹಾಲಿನಲ್ಲಿ ಹಾಕಿ ಮನೆಮಂದಿಯೆಲ್ಲ ಕುಡಿಯುವುದು ಪದ್ಧತಿ. ದೂರದಲ್ಲಿರುವವರಿಗೂ ಪಾಲು ಹೋಗಬೇಕು. ಬಾಯಿಯ ಅಕ್ಕ ತಲೆಗೊಂದರಂತೆ ತೆನೆ ಲಕೋಟೆಗೆ ಹಾಕಿ ಕಳಿಸುತ್ತಿದ್ದರು. ಅದು ಎರಡು ವಾರ ತಡವಾಗಿ ಬರುವುದು, ಪೋಸ್ಟ್‌ಮ್ಯಾನ್ ಬಂದ ದಿನವೇ ಇವರ ಹಬ್ಬ.

ಹುಡುಗಿಗೆ ಎಂಟು ವರ್ಷವಾಗಿದ್ದಾಗ ಆ ಹಬ್ಬಕ್ಕೆ ನನ್ನನ್ನೂ ಕರೆದಿದ್ದರು. ಬಾಯಿ ಒಳಗೆ ಒಗ್ಗರಣೆ ಹಾಕುತ್ತಿದ್ದರು. ಎರಡೇ ತೆನೆಯ ಕಾಳು ಬಿಡಿಸಿಟ್ಟಿದ್ದು ಕಂಡಿತು. "ಮೈನ್ ಅಲ್ಲಿದೆ ಆಂಟಿ, ಎವ್ರಿ ಇಯರ್" ಎಂದು ಹುಡುಗಿ ದೇವರ ಪಟದ ಹಿಂದಕ್ಕೆ ಬೆರಳು ತೋರಿಸಿದಳು. ಈ ಸಲ ಅದನ್ನು ಬಿಡಿಸಲು ಬಾಯಿ ಮರೆತಿರಬೇಕೆಂದುಕೊಂಡು ನಾನು ಮೂರನೆಯ ತೆನೆಯನ್ನು ತೆಗೆದು, ಸುಲಿದು, ಬಟ್ಟಲಿಗೆ ಹಾಕಿಕೊಟ್ಟೆ. ಅವಳು ಗಟಗಟನೆ ಕುಡಿದಳು.

ಬಾಯಿ ಬಂದು ಬರಿಯ ಕಡ್ಡಿ ನೋಡಿದರು. ಮುಖ ಬಿಳಿಚಿಹೋಯಿತು. "ಎಂತ ಮಾಡಿದ್ರಿ ನೀವು! ಅವಳ ಪಾಲು ನಾನು ಲೆಕ್ಕಕ್ಕೇ ತಕ್ಕೊಳ್ಳುದಿಲ್ಲ... ಮೇಲಿಂದ ಕಣ್ಣು ಬೀಳ್ತದೆ."

ನನಗೂ ಎಲ್ಲಿತ್ತೋ ಸಿಟ್ಟು. "ದೇವರೇನು ಕೊಟ್ಟ ಕೈಯಲ್ಲೇ ಕಿತ್ಕೊಳ್ಳೋಕೆ ಕಾಯ್ತಾ ಕೂತಿದಾನಾ ಬಾಯಿ? ಕದ್ದ ಮಾಲಿನ ಥರ ಮಗಳನ್ನ ಬಚ್ಚಿಡ್ತೀರಲ್ಲ. ಒಂದ್ಸಲ ಥ್ಯಾಂಕ್ಸ್ ಹೇಳಿ ನೋಡಿ!"

ಆಮೇಲೆ ಮೂರು ದಿನ ಅವರು ಗಳಿಗೆಗೊಮ್ಮೆ ಹುಡುಗಿಯ ಹಣೆ ಮುಟ್ಟಿ ನೋಡಿದರಂತೆ. ಏನೂ ಆಗಲಿಲ್ಲ. ನಾಲ್ಕನೆಯ ದಿನ ನಮ್ಮ ಹಿತ್ತಲ ಬಾಗಿಲಿಗೆ ಬಂದರು.

"ಹೇಳಿದೆ."

"ಏನು ಹೇಳಿದ್ರಿ?"

"ಥ್ಯಾಂಕ್ಸ್. ಬಾತ್‌ರೂಮಲ್ಲಿ ನಲ್ಲಿ ಜೋರು ಬಿಟ್ಟು ಹೇಳಿದೆ, ಯಾರಿಗೂ ಕೇಳ್ಬಾರ್ದು ಅಂತ." ಹೇಳಿ ನಕ್ಕರು, ಸೆರಗಿನಿಂದ ಕಣ್ಣೂ ಒರೆಸಿಕೊಂಡರು. "ಅವಳಿಗೆ ಮುಂದಿನ ಹಬ್ಬಕ್ಕೆ ಹೇಳ್ತೇನೆ. ನನ್ನ ಎದುರಲ್ಲೇ ಕುಡೀಲಿ."

ಮುಂದಿನ ಹಬ್ಬ ಅವರಿಗೆ ಬರಲಿಲ್ಲ. ಫೆಬ್ರವರಿಯ ಒಂದು ಮಧ್ಯಾಹ್ನ ತಲೆನೋವು ಎಂದು ಕುರ್ಚಿಯಲ್ಲಿ ಕೂತವರು ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದಾಗ ಹುಡುಗಿ ನನ್ನ ಕೋಟು ಹಿಡಿದು ಕೇಳಿದಳು: "ನಾನು ಅದು ಕುಡಿದೆ ಅಂತ ಮಮ್ಮಿ ಸ್ಟಿಲ್ ಆಂಗ್ರಿನಾ?" ಇಲ್ಲ ಪುಟ್ಟಿ, ಎಂದೆ. ಅಷ್ಟೇ. ಉಳಿದದ್ದನ್ನು ಹೇಳಲು ಹೆದರಿದೆ. ಧನ್ಯವಾದ ಹೇಳಿದ ಐದು ತಿಂಗಳಿಗೆ ಹೋದರಲ್ಲ... ಬಾಯಿಯ ಭಯ ಈಗ ನನ್ನನ್ನು ಹಿಡಿದಿತ್ತು. ಆ ತೆನೆ ಸುಲಿದವಳು ನಾನು. ನಮ್ಮ ಮನೆಯಲ್ಲಿ ಶುಭ ಸುದ್ದಿ ಬಂದಾಗಲೆಲ್ಲ ಆ ಬಿಳಿಚಿದ ಮುಖ ಬಾಗಿಲ ಹತ್ತಿರ ಬಂದು ನಿಂತಿರುತ್ತಿತ್ತು. ಅಪ್ಪ, ಮಗಳು ಆ ಮನೆ ಖಾಲಿ ಮಾಡಿಕೊಂಡು ಹೋದರು. ನಾನು ಹೇಳಲಿಲ್ಲ.

ಹೋದ ಭಾನುವಾರ ಸಂಜೆ ನಂಬರು ಹುಡುಕಿ ಅವಳಿಗೆ ಫೋನ್ ಮಾಡಿದೆ. ಅವಳಿಗೆ ಮಗುವಾಗಿ ಆರು ತಿಂಗಳಾಗಿದೆಯಂತೆ. ಸಂತೋಷ ಕಣಮ್ಮ ಎಂದೆ. "ಯಾರಿಗೂ ಹೇಳ್ಬೇಡಿ ಆಂಟಿ, ಪ್ಲೀಸ್" ಎಂದಳು, ದನಿ ತಗ್ಗಿಸಿ. ಬಾಯಿಯ ಅದೇ ಭಯ ಇವಳಿಗೂ ಬಂದಿತ್ತು. ಇನ್ನು ತಡೆಯಲಾಗಲಿಲ್ಲ. ಅವರು ಹೋದದ್ದು ಹೋದದ್ದೇ, ಅದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಆದರೆ ಅವರು ಕೊಟ್ಟ ಧನ್ಯವಾದ ನಿಜ, ಅದು ಇವಳಿಗಾಗಿ ಕೊಟ್ಟದ್ದು. ಎಲ್ಲವನ್ನೂ ಹೇಳಿಬಿಟ್ಟೆ.

ಆಮೇಲೆ ಕೇಳಿದಳು, "ಯಾವ ಲ್ಯಾಂಗ್ವೇಜಲ್ಲಿ ಹೇಳಿದ್ರು ಆಂಟಿ? ನನ್ನ ಹೆಸರು ಹೇಳಿದ್ರಾ?"

ನನಗೆ ಗೊತ್ತಿರಲಿಲ್ಲ. ಅವತ್ತು ಬಾಯಿ ಹಿತ್ತಲ ಬಾಗಿಲಲ್ಲಿ ಅಷ್ಟು ಹೊತ್ತು ನಿಂತಿದ್ದರು... ನಾನು ಕೇಳಲೇ ಇಲ್ಲ.