ಶಿವಬಸಪ್ಪ ಮೇಷ್ಟ್ರ ಮರದ ಬ್ಯಾಟು

ಶಿವಬಸಪ್ಪ ಮೇಷ್ಟ್ರು ಟೇಬಲ್ ಟೆನಿಸ್ ಬ್ಯಾಟನ್ನು ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಕುಟ್ಟಿ ನೋಡುತ್ತಿದ್ದರು, ಹಲಸಿನ ಹಣ್ಣು ಕೊಳ್ಳುವವರ ಹಾಗೆ. ಸದ್ದು ಹಿತವಾಗಿ ಕೇಳಿದರೆ ಮುಖ ಅರಳುತ್ತಿತ್ತು.

"ಇದು ಪೂರಾ ಮರ ಕಣಮ್ಮಿ. ಚೆಂಡು ಎಲ್ ಬಿತ್ತು, ಎಷ್ಟು ಜೋರಾಗಿ ಬಿತ್ತು ಅಂತ ಕೈಗೆ ಯೋಳ್ತದೆ. ಆ ಕಾರ್ಬನ್ ಬ್ಯಾಟು ಮಾತ್ರ ಮುಟ್ಬ್ಯಾಡಿ. ಅದು ಓಡ್ತದೆ, ಮಾತಾಡಲ್ಲ."

ತಾಳವಾಡಿಯ ನಮ್ಮ ಶಾಲೆಗೆ ಅವರು ಆಟದ ಮೇಷ್ಟ್ರು. ಮರದ ಪದರಗಳ ನಡುವೆ ಕಾರ್ಬನ್ ನಾರಿನ ತೆಳು ಹಾಳೆ ಸೇರಿಸಿದ ಬ್ಯಾಟುಗಳನ್ನು ನಾವು ಹುಡುಗಿಯರು ಮೊಬೈಲಿನಲ್ಲಿ ನೋಡಿ ಬಾಯಿ ಬಿಡುತ್ತಿದ್ದೆವು. ಒಮ್ಮೆ ದೊಡ್ಡಗಾಜನೂರಿನ ಗೆಳತಿಯೊಬ್ಬಳು ಸೋದರಮಾವ ಕೊಡಿಸಿದ ಕಾರ್ಬನ್ ಬ್ಯಾಟು ತಂದಳು. "ನಡಿಯಕ್ ಬರದೋಳಿಗೆ ಬುಲೆಟ್ ಗಾಡಿ ಯಾಕಮ್ಮಿ?" ಎಂದು ಮೇಷ್ಟ್ರು ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅವಳು ಅತ್ತರೂ ಪರೀಕ್ಷೆ ಮುಗಿಯುವ ತನಕ ಕೊಡಲಿಲ್ಲ. ಎಂಥ ನಿಷ್ಠೆಯ ಮನುಷ್ಯ ಎಂದು ನಾನು ಮೆಚ್ಚಿಕೊಂಡಿದ್ದೆ.

ಅವರ ಮಗಳು ಗೌರಿ ನನ್ನ ತರಗತಿಯವಳು, ನನ್ನ ಜೀವದ ಗೆಳತಿ. ಆಟದಲ್ಲಿ ನಾನು ಅವಳನ್ನು ಒಮ್ಮೆಯೂ ಸೋಲಿಸಿದವಳಲ್ಲ. ಎಷ್ಟೇ ಜೋರಾಗಿ ಹೊಡೆದರೂ ಚೆಂಡನ್ನು ಮೆಲ್ಲಗೆ ನೆಟ್ಟಿನ ಬುಡಕ್ಕೆ ಇಳಿಸಿಬಿಡುತ್ತಿದ್ದಳು. ನಾನು ಮುಗ್ಗರಿಸಿದರೆ ನಗುತ್ತಿದ್ದಳು.

ಸತ್ಯಮಂಗಲದಲ್ಲಿ ಜಿಲ್ಲಾ ತಂಡದ ಆಯ್ಕೆ ನಡೆಯಿತು. ನಮ್ಮ ಬೆಟ್ಟದ ಕಡೆಯಿಂದ ಒಬ್ಬಳಿಗೆ ಮಾತ್ರ ಜಾಗ. ಕೊನೆಗೆ ಉಳಿದವರು ಗೌರಿ ಮತ್ತು ನಾನು; ನಮ್ಮಿಬ್ಬರ ಪಂದ್ಯದಲ್ಲಿ ಗೆದ್ದವಳು ತಂಡಕ್ಕೆ. ಅದು ಗೌರಿಗೇ ಎಂದು ನನಗೂ ಗೊತ್ತಿತ್ತು. ಪಂದ್ಯಕ್ಕೆ ಮುಂಚೆ ಮೇಷ್ಟ್ರು ಟವೆಲಿನಲ್ಲಿ ಸುತ್ತಿದ್ದ ಹೊಸ ಬ್ಯಾಟೊಂದನ್ನು ಚೀಲದಿಂದ ತೆಗೆದು ಮಗಳ ಕೈಗಿಟ್ಟರು. ಕಾರ್ಬನ್!

ನನ್ನ ಹೊಟ್ಟೆ ಉರಿದುಹೋಯಿತು. ಉಪದೇಶ ಊರಿನ ಮಕ್ಕಳಿಗೆ, ಒಳ್ಳೆಯದೆಲ್ಲ ಸ್ವಂತ ಮಗಳಿಗೆ.

ಕೈ ಪಳಗಿಸಿಕೊಳ್ಳಲು ಗೌರಿ ಹೊಡೆದ ಚೆಂಡುಗಳೆಲ್ಲ ಮೇಜು ದಾಟಿ ಹಾರಿದವು. "ಅಪ್ಪಾ, ಕೈಗೆ ಏನೂ ಗೊತ್ತಾಯ್ತಿಲ್ಲ. ನನ್ ಅಳೇ ಬ್ಯಾಟೇ ಕೊಡಪ್ಪ" ಅಂದಳು.

"ಸುಮ್ನೆ ಆಡು. ದೊಡ್ ಆಟಗಾರ್ರೆಲ್ಲ ಇದ್ರಲ್ಲೇ ಆಡದು."

ಪಂದ್ಯ ಶುರುವಾದ ಮೇಲೆ ಬ್ಯಾಟು ಬದಲಿಸುವಂತಿಲ್ಲ. ನೆಟ್ಟಿನ ಬುಡಕ್ಕೆ ಇಳಿಯಬೇಕಾದ ಅವಳ ಚೆಂಡುಗಳು ಎದ್ದೆದ್ದು ನನ್ನ ಕೈಗೇ ಬಂದವು. ನಾನು ಹೊಡೆದೆ. ಗೆದ್ದೆ. ಮೇಷ್ಟ್ರು ನಮಗೆ ಹೇಳುತ್ತಿದ್ದದ್ದು ನಿಜವೇ ಆಗಿತ್ತು. ಅವರೊಬ್ಬರೇ ಅದನ್ನು ನಂಬಿರಲಿಲ್ಲ.

ಊರಿಗೆ ವಾಪಸು ದಿಂಬಂ ಘಾಟಿ ಹತ್ತುವಾಗ ಮೇಷ್ಟ್ರು ಬಸ್ಸಿನಲ್ಲಿ ಎಲ್ಲರೆದುರು ಮಗಳಿಗೆ ಅಂದರು: "ಕೈಲಾಗದೋಳ್ಗೆ ಆಟ ಯಾಕೆ? ಬುಟ್ಬುಡು." ಗೌರಿ ಬಿಟ್ಟೇಬಿಟ್ಟಳು. ಮತ್ತೆ ಮೇಜಿನ ಹತ್ತಿರ ಬರಲಿಲ್ಲ. ತಂಡದಲ್ಲಿ ಅವಳ ಜಾಗದಲ್ಲಿ ಆಡುವುದು ನನಗೂ ಸೊಗಸಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮೇಷ್ಟ್ರು ತೀರಿಕೊಳ್ಳುವುದಕ್ಕೆ ಹಿಂದಿನ ವಾರ, ಅವರನ್ನು ನೋಡಲು ಹೋಗಿದ್ದೆ. ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಹಾಸನೂರಿನಿಂದ ಬಂದಿದ್ದ ನೆಂಟರಿಗೆ ನನ್ನನ್ನು ತೋರಿಸಿದರು. "ಇವ್ಳು ಮರದ ಬ್ಯಾಟಲ್ಲೇ ಜಿಲ್ಲಾ ಟೀಮಿಗೆ ಓಗಿದ್ದೋಳು. ಕಾರ್ಬನ್ ಮುಟ್ಬ್ಯಾಡಿ ಅಂತ ನಾನೇ ಯೋಳ್ಕೊಟ್ಟಿದ್ದು!"

ಅವರ ಆರೈಕೆಗೆಂದು ಬಂದಿದ್ದ ಗೌರಿ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತಳು.

"ನಂಗ್ಯಾಕಪ್ಪ ಯೋಳ್ನಿಲ್ಲ?"

ಮೇಷ್ಟ್ರು ಅವಳನ್ನೇ ನೋಡಿದರು. ಅವರ ಮುಖದಲ್ಲಿ ನಾಚಿಕೆ ಇರಲಿಲ್ಲ, ಆಶ್ಚರ್ಯ ಇತ್ತು.

"ನೀನು ನನ್ ಮಗಳಲ್ವೇನವ್ವ?" ಅಂದರು.