ತೊಂಬತ್ತೊಂಬತ್ತರ ರಾಕಿಯಾ

ಕಾಮೆನ್ ದೋಲ್ ಊರಿನ ಭಟ್ಟಿಮನೆಯನ್ನು ಇಪ್ಪತ್ತೆಂಟು ವರ್ಷಗಳಿಂದ ನಡೆಸುತ್ತಿದ್ದ ರಾಂಗೆಲ್ ಸುಳ್ಳು ಹೇಳದ ಮನುಷ್ಯ. ಹೇಳಲು ಹೋದರೆ ಕಿವಿ ಕೆಂಪಾಗಿ ಗುಟ್ಟು ರಟ್ಟಾಗುತ್ತಿತ್ತು, ಹಾಗಾಗಿ ಆ ಕೆಲಸಕ್ಕೇ ಕೈ ಹಾಕುತ್ತಿರಲಿಲ್ಲ. ಪ್ರತಿ ವರ್ಷ ಎಲೆ ಉದುರುವ ಕಾಲಕ್ಕೆ ಊರಿನವರು ಹುಳಿ ಬಂದ ಪ್ಲಮ್ ಹಣ್ಣಿನ ಪೀಪಾಯಿ, ಒಂದು ಗಾಡಿ ಸೌದೆ, ಕೆಂಡದ ಮೇಲೆ ಸುಟ್ಟು ತಿನ್ನಲು ಸಾಸೇಜು ಹೊತ್ತುಕೊಂಡು ಸರದಿಯ ಪ್ರಕಾರ ಅವನಲ್ಲಿಗೆ ಬರುತ್ತಿದ್ದರು. ತಾಮ್ರದ ಹಂಡೆಯಿಂದ ಮೊದಲು ಇಳಿಯುವುದು ವಿಷ, ಅದನ್ನು ಚೆಲ್ಲಬೇಕು. ಕೊನೆಗೆ ಇಳಿಯುವುದು ನಾರುವ ನೀರು, ಅದು ಬೆರೆಯುವ ಮೊದಲೇ ಜಾಡಿಯನ್ನು ಸರಿಸಬೇಕು. ನಡುವಿನದು ಮಾತ್ರ ರಾಕಿಯಾ, ಕುಡಿಯುವ ಹಣ್ಣಿನ ಸಾರಾಯಿ. ಸರಿಸುವ ಗಳಿಗೆ ಯಾವುದೆಂದು ರಾಂಗೆಲನ ನಾಲಿಗೆಗೆ ಗೊತ್ತಿತ್ತು. ಊರಿನವರು ಪಾದ್ರಿಯ ಮಾತನ್ನಾದರೂ ಅನುಮಾನಿಸುತ್ತಿದ್ದರು, ಆ ನಾಲಿಗೆಯನ್ನಲ್ಲ.

ಇಂಥವನು ಸೆವ್ದಾಳನ್ನು ಮದುವೆಯಾಗಲು ಹೊರಟದ್ದೇ ಎಲ್ಲ ಎಡವಟ್ಟಿಗೂ ಮೂಲ. ಅವನ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಸೆವ್ದಾ ಅವನೊಂದಿಗೆ ಶಾಲೆ ಕಲಿತವಳು, ಅವಳಿಗೂ ಗಂಡನಿರಲಿಲ್ಲ. ಊರ ಓದುಮನೆಯನ್ನು ನೋಡಿಕೊಳ್ಳುತ್ತಿದ್ದಳು. ಅದನ್ನು ಓದುಮನೆ ಎಂದು ಕರೆದರೂ ಜನ ಅಲ್ಲಿಗೆ ಬರುತ್ತಿದ್ದುದು ಗುಂಪುಕುಣಿತ ಕಲಿಯಲು. ನಾಲ್ಕು ಸಾವಿರ ಪುಸ್ತಕಗಳ ಧೂಳು ಹೊಡೆಯುವವಳು ಸೆವ್ದಾ ಒಬ್ಬಳೇ. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ರಾಂಗೆಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಲ್ಲಿಗೆ ಹೋಗಿ, ಕಿಟಕಿಯ ಕಡೆ ಮುಖ ಮಾಡಿ ವಿಷಯ ತಿಳಿಸಿದ.

ಸೆವ್ದಾ ಧೂಳಿನ ಬಟ್ಟೆ ಕೆಳಗಿಟ್ಟಳು. "ನೋಡು ರಾಂಗೆಲ್, ನನ್ನ ಗಂಡ ಒಳ್ಳೆಯವನೇ. ಆದ್ರೆ ಇಪ್ಪತ್ತು ವರ್ಷ ಊಟಕ್ಕೆ ಕೂತಾಗ ಅವನಾಡಿದ್ದು ಎರಡೇ ಮಾತು. ಉಪ್ಪು ಕೊಡು, ಬಾಗಿಲು ಹಾಕು. ಇನ್ನೊಂದು ಸಲ ಅದು ನನ್ ಕೈಲಾಗಲ್ಲ."

"ನಾನು ಮಾತಾಡ್ತೀನಿ."

"ಯಾವುದರ ಬಗ್ಗೆ? ಭಟ್ಟಿ ಬಿಟ್ರೆ ನಿಂಗೇನು ಗೊತ್ತು? ಒಂದು ಪುಸ್ತಕ ಓದು. ಒಂದೇ ಒಂದು, ಪೂರ್ತಿ. ನನ್ನ ಪ್ಲಮ್ ಕಾಯಿಸೋ ಸರದಿ ಬರೋದ್ರೊಳಗೆ ಮುಗಿಸಿರ್ಬೇಕು. ಆಮೇಲೆ ಕೇಳು."

ಪ್ರತಿ ವರ್ಷ ಸರದಿಯಲ್ಲಿ ಕೊನೆಯ ಹೆಸರು ಸೆವ್ದಾಳದೇ, ನವೆಂಬರ್ ಕೊನೆಗೆ. ರಾಂಗೆಲ್ ಆ ದಿನವೇ ಒಂದು ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಚೌಕ ದಾಟುವಷ್ಟರಲ್ಲಿ ಹೆಂಡದಂಗಡಿಯ ಮುಂದೆ ಕೂತವರೆಲ್ಲ ಎದ್ದು ನಿಂತು ಟೋಪಿ ತೆಗೆದು, "ನಮಸ್ಕಾರ ಮೇಷ್ಟ್ರೇ" ಎಂದರು. ವಾರವಿಡೀ ಅವನು ಎಲ್ಲಿ ಹೋದರೂ ಮೇಷ್ಟ್ರೇ. ಪುಸ್ತಕ ಮೂರನೆಯ ಪುಟಕ್ಕೇ ಓದುಮನೆಗೆ ವಾಪಸಾಯಿತು.

ಸೆಪ್ಟೆಂಬರಿನಲ್ಲಿ ಭಟ್ಟಿಯ ಗಾಜಿನ ಅಳತೆ ಕಡ್ಡಿ ಒಡೆಯಿತು. ರಾಕಿಯಾ ನೂರಕ್ಕೆ ಎಷ್ಟು ಖಡಕ್ಕಾಗಿದೆ ಎಂದು ತೋರಿಸುವ ಕಡ್ಡಿ ಅದು. ನಾಲಿಗೆಯಿದ್ದಾಗ ಅದರ ಹಂಗು ರಾಂಗೆಲನಿಗಿರಲಿಲ್ಲ, ಆದರೂ ಗಿರಾಕಿಗಳ ಸಮಾಧಾನಕ್ಕೆ ಹೊಸದು ಬೇಕಿತ್ತು. ತರಲೆಂದು ಗಾಬ್ರೊವೊ ಪಟ್ಟಣಕ್ಕೆ ಹೋದವನು ಬರುವಾಗ ಕಡ್ಡಿಯ ಬದಲು ತಂದದ್ದು ಇ-ರೀಡರ್. ಅಂಗಡಿಯ ಗಾಜಿನ ಹಿಂದೆ ಅದು ಅಂಗೈ ಅಗಲಕ್ಕೆ ಬೂದು ಬಣ್ಣದಲ್ಲಿ ಕೂತಿತ್ತು, ಮೇಲೆ ಪುಸ್ತಕದ ಗುರುತೇ ಇರಲಿಲ್ಲ. ರಾಂಗೆಲನಿಗೆ ಬೇಕಾದದ್ದು ಅದೇ. ಅಂಗಡಿಯ ಹುಡುಗಿಗೆ, "ಚಿಕ್ಕದೊಂದು ಕತೆ ಹಾಕಿಕೊಡಮ್ಮ" ಎಂದ. ಅವಳು ತನಗೆ ಇಷ್ಟವಾದದ್ದನ್ನು ಹಾಕಿಕೊಟ್ಟಳು. ಅದು ಆರುನೂರ ನಲವತ್ತು ಪುಟದ ಕಾದಂಬರಿ. ಕಾಗದದ ಪುಸ್ತಕವಾಗಿದ್ದರೆ ದಪ್ಪ ನೋಡಿಯೇ ಅವನು ಓಡಿಹೋಗುತ್ತಿದ್ದ. ಈ ಯಂತ್ರದಲ್ಲಿ ದಪ್ಪ ಎಲ್ಲಿಂದ ಕಾಣಬೇಕು.

ಕಾದಂಬರಿ ದೋಣಿ ನಡೆಸುವ ಯೊರ್ದಾನಾ ಎಂಬ ಹೆಂಗಸಿನದು. ಡ್ಯಾನ್ಯೂಬ್ ನದಿಗೆ ಸೇತುವೆ ಕಟ್ಟುತ್ತಿದ್ದಾರೆ, ಮುಗಿದರೆ ಅವಳ ದೋಣಿಗೆ ಕೆಲಸವಿಲ್ಲ. ರಾಂಗೆಲ್ ಅಕ್ಷರಗಳನ್ನು ಹುರುಳಿಕಾಳಿನಷ್ಟು ದೊಡ್ಡದು ಮಾಡಿಕೊಂಡು, ದಿನಕ್ಕೆ ಐದಾರು ಪುಟದಂತೆ ಮುಂದೆ ಹೋದ. ಪರದೆಯ ಕೆಳಮೂಲೆಯಲ್ಲಿ, ಇನ್ನೂ ದಪ್ಪ ಅಂಕೆಗಳಲ್ಲಿ, ನೂರಕ್ಕೆ ಎಷ್ಟು ಓದಿಯಾಯಿತು ಎಂಬ ಲೆಕ್ಕ ಬರುತ್ತಿತ್ತು. ಭಟ್ಟಿ ಹೊತ್ತಿಸುವ ಕಾಲಕ್ಕೆ ನಲವತ್ತೊಂದಕ್ಕೆ ಬಂದಿದ್ದ.

ಮೊದಲ ಸರದಿ ಗೆಂಚೊನದು. ಕುರಿ ಸಾಕುವವನು, ಬಾಯಿಬಡುಕ. ಹಂಡೆ ಕಾಯುವುದನ್ನೇ ನೋಡುತ್ತ ಕೂತಿರಲಾಗದೆ ರಾಂಗೆಲ್ ಸೌದೆಯ ಮರೆಯಲ್ಲಿ ಯಂತ್ರ ತೆಗೆದಿದ್ದ. ಹಿಂದಿನಿಂದ ಗೆಂಚೊ ಬಗ್ಗಿ ನೋಡಿದ.

"ಏನಣ್ಣ ಅದು?"

ಮೇಷ್ಟ್ರೇ ಎಂಬ ಕೂಗು ರಾಂಗೆಲನ ಕಿವಿಯಲ್ಲಿ ಮೊಳಗಿತು. "ಹೊಸ ಅಳತೆ ಯಂತ್ರ" ಎಂದುಬಿಟ್ಟ. ಒಲೆಯ ಬೆಂಕಿಗೆ ಎಲ್ಲರ ಕಿವಿಯೂ ಕೆಂಪಾಗಿದ್ದರಿಂದ ಬಚಾವಾದ.

"ಮತ್ತೆ ಇಷ್ಟೊಂದು ಅಕ್ಷರ?"

"ಬಳಸೋ ಕ್ರಮ ಬರೆದಿದಾರೆ."

ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದ ಗೆಂಚೊ ಮೂಲೆಯ ಸಂಖ್ಯೆಯ ಮೇಲೆ ಬೆರಳಿಟ್ಟ. "ನಲವತ್ತೊಂದಾ? ನನ್ನ ಪ್ಲಮ್‌ಗೆ ನಲವತ್ತೊಂದಾ? ಐವತ್ತಕ್ಕೆ ಕಮ್ಮಿ ಬಂದ್ರೆ ಮಾವನ ಮನೆಯವರ ಮುಂದೆ ನಾನು ಮುಖ ಎತ್ತೋದು ಬ್ಯಾಡ್ವಾ?"

"ತಡಿ ಮಾರಾಯ, ಏರುತ್ತೆ" ಎಂದ ರಾಂಗೆಲ್. ಇನ್ನು ಏರಿಸದೆ ವಿಧಿಯಿರಲಿಲ್ಲ. ಗೆಂಚೊ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಸಂಖ್ಯೆಯನ್ನು ಕಾಯುತ್ತಿದ್ದ. ರಾಂಗೆಲ್ ಬೆವರು ಒರೆಸಿಕೊಳ್ಳುತ್ತ ಓದಿದ. ಒಂದೊಂದು ಅಂಕ ಏರಿದಾಗಲೂ ಗೆಂಚೊ ಅವನ ಬೆನ್ನು ತಟ್ಟುತ್ತಿದ್ದ. ಸಂಜೆಗೆ ಐವತ್ತಾಯಿತು. ರಾಂಗೆಲ್ ಜೀವಮಾನದಲ್ಲೇ ಒಂದು ದಿನಕ್ಕೆ ಅಷ್ಟು ಓದಿರಲಿಲ್ಲ.

ಮರುದಿನದ ಸರದಿಯವನು ಐವತ್ತರಿಂದ ಶುರುಮಾಡಿ ಐವತ್ತೇಳರಲ್ಲಿ ಮುಗಿಸಿದ. ಗೆಂಚೊನಿಗೆ ಹೊಟ್ಟೆ ಉರಿಯಿತು. ಮೊದಲ ಸರದಿಗೆ ಜಗಳವಾಡುತ್ತಿದ್ದವರೆಲ್ಲ ಈಗ, "ನೀವೇ ಮುಂದೆ ಹೋಗಿ, ನಮ್ಮ ಪೀಪಾಯಿ ಇನ್ನೂ ಹುಳಿ ಬರ್ಬೇಕು" ಎಂದು ಹಿಂದೆ ಸರಿಯತೊಡಗಿದರು. ಅರವತ್ತು ದಾಟಿದಾಗ ಊರಿಗೆ ಹೆಮ್ಮೆ. ಎಪ್ಪತ್ತು ದಾಟಿದಾಗ ಭಯ. ಎಪ್ಪತ್ತೆಂಟರದನ್ನು ಮೂರು ಲೋಟ ಏರಿಸಿದ ಮುದುಕನೊಬ್ಬ ತನ್ನ ಹೆಂಡತಿಯ ಹೆಸರು ಮರೆತುಹೋಯಿತೆಂದು ಅತ್ತ. ಆ ಮೇಲೆ ಎಲ್ಲರೂ ಬಾವಿ ನೀರು ಬೆರೆಸಲು ಶುರುಮಾಡಿದರು. ನೀರು ಹೆಚ್ಚಾದಷ್ಟೂ ಜನ ಹೆಚ್ಚು ತೂರಾಡುತ್ತಿದ್ದರು.

ರಾಂಗೆಲನಿಗೆ ಸಂಕಟವಾಯಿತು. ತಾನು ನಾಲಿಗೆಯಿಂದ ಅಳೆದು ಇಳಿಸಿದ ಒಳ್ಳೆಯ ರಾಕಿಯಾಕ್ಕೆ ಕಣ್ಣೆದುರೇ ಕೊಡಗಟ್ಟಲೆ ನೀರು ಬೀಳುತ್ತಿತ್ತು. ಬಾಯಿ ಬಿಟ್ಟರೆ ಮಾನ ಹೋಗುತ್ತದೆ, ಬಿಡದಿದ್ದರೆ ಇಪ್ಪತ್ತೆಂಟು ವರ್ಷದ ಕೆಲಸ ಹೋಗುತ್ತದೆ. ನಡುವೆ ಯೊರ್ದಾನಾಳ ಚಿಂತೆ ಬೇರೆ. ಸೇತುವೆಗೆ ಕೊನೆಯ ಕಲ್ಲು ಕೂರಿಸುತ್ತಿದ್ದರು. ಸಾಸೇಜು ಕರಕಲಾದರೂ ಗಮನವಿಲ್ಲದೆ ಅವನು ಓದುತ್ತಿದ್ದ.

ಸೆವ್ದಾಳ ಸರದಿ ಬಂದ ದಿನ ಯಂತ್ರ ತೊಂಬತ್ತೇಳು ತೋರಿಸುತ್ತಿತ್ತು. ಇಷ್ಟರಲ್ಲಿ ಸುದ್ದಿ ಹಬ್ಬಿ ಊರಿನ ಗಂಡಸರಲ್ಲಿ ಅರ್ಧದಷ್ಟು ಜನ ಭಟ್ಟಿಮನೆಯಲ್ಲಿ ನೆರೆದಿದ್ದರು.

"ಸೆವ್ದಕ್ಕ, ಇನ್ನು ಕಾಯಿಸ್ಬೇಡ. ನೂರು ಮುಟ್ಟಿದ್ರೆ ಹಂಡೆ ಸಿಡಿಯುತ್ತೆ" ಎಂದ ಗೆಂಚೊ.

ಸೆವ್ದಾ ಕನ್ನಡಕ ಏರಿಸಿ ಯಂತ್ರವನ್ನು ಕೈಗೆ ತೆಗೆದುಕೊಂಡಳು. ಅರ್ಧ ಪುಟ ಓದಿದಳು. ಆಮೇಲೆ ರಾಂಗೆಲನ ಮುಖ ನೋಡಿದಳು. "ಇದೇನು ರಾಂಗೆಲ್?"

ಹಂಡೆ ಆಗಲೇ ಗುಳುಗುಳು ಎನ್ನುತ್ತಿತ್ತು, ಜಾಡಿಗೆ ರಾಕಿಯಾ ಇಳಿಯತೊಡಗಿತ್ತು. "ಪುಸ್ತಕ" ಎಂದ ರಾಂಗೆಲ್. "ಅಳತೆ ಯಂತ್ರ ಅಂತ ಸುಳ್ಳು ಹೇಳಿದ್ದೆ. ನಿಮ್ಮ ರಾಕಿಯಾ ಎಲ್ಲ ಐವತ್ತರದೇ ಕಣ್ರಪ್ಪ, ಯಾವಾಗಿನ ಹಾಗೆ. ನೀರು ಬೆರೆಸಿ ಕೆಡಿಸ್ಕೊಂಡಿದೀರಿ. ತಪ್ಪು ನಂದು."

ಗೆಂಚೊ ಸೊಂಟಕ್ಕೆ ಕೈ ಕೊಟ್ಟು ಮುಂದೆ ಬಂದ. "ಅಂದ್ರೆ ನಾನು ಅವತ್ತು ಇಡೀ ದಿನ ಕಾದದ್ದು ನೀನು ಓದೋದನ್ನಾ?"

"ಜಗಳ ಆಮೇಲೆ ಮಾಡಿ" ಎಂದಳು ಸೆವ್ದಾ, ಪೀಪಾಯಿಯ ಮೇಲೆ ಕೂತು. "ಇನ್ನು ನೂರಕ್ಕೆ ಮೂರೇ ಉಳಿದಿದೆ. ಗಟ್ಟಿಯಾಗಿ ಓದು, ಕೇಳೋಣ."

ರಾಂಗೆಲ್ ಓದಿದ. ಮೊದಮೊದಲು ತೊದಲಿದ, ಆಮೇಲೆ ಸರಾಗವಾಯಿತು. ಸೇತುವೆ ತೆರೆದ ದಿನ ಊರಿಗೆ ಊರೇ ಅದರ ಮೇಲೆ ನಡೆದುಹೋದದ್ದು, ದಡದಲ್ಲಿ ಯೊರ್ದಾನಾ ಒಬ್ಬಳೇ ಹುಟ್ಟು ಹಿಡಿದು ಕಾದದ್ದು ಬಂತು. "ಆ ಸೇತುವೆ ಕಟ್ಟಿದವನ ಮನೆ ಹಾಳಾಗ" ಎಂದು ಗೆಂಚೊ ಮೂಗು ಒರೆಸಿಕೊಂಡ. ತೊಂಬತ್ತೊಂಬತ್ತಕ್ಕೆ ಬಂದು ರಾಂಗೆಲ್ ನಿಂತ.

"ಯಾಕೆ ನಿಲ್ಲಿಸ್ದೆ?" ಎಂದಳು ಸೆವ್ದಾ.

"ಇನ್ನೊಂದು ಪುಟ ಇದೆ. ಒತ್ತಿದ್ರೆ ಮುಗಿದುಹೋಗುತ್ತೆ."

"ಮುಗಿಸೋಕೆ ತಾನೇ ಓದಿದ್ದು?"

"ಹೌದು. ಈಗ ಮನಸ್ಸು ಬರ್ತಿಲ್ಲ ಸೆವ್ದಾ. ಮೂರು ತಿಂಗಳು ಮನೇಲಿ ಯಾರೋ ಇದ್ದಂಗಿತ್ತು. ಇವಳೂ ಹೋದ್ರೆ ನಾನು ಯಾರ ಜೊತೆ ಕೂತ್ಕೊಳ್ಳಲಿ?"

ಅಷ್ಟರಲ್ಲಿ ಕೊಳೆತ ಎಲೆಕೋಸಿನಂಥ ವಾಸನೆ ಎಲ್ಲರ ಮೂಗಿಗೂ ಬಡಿಯಿತು. ಜಾಡಿ ಸರಿಸುವುದನ್ನು ಎಲ್ಲರೂ ಮರೆತಿದ್ದರು, ನಾರುವ ನೀರೆಲ್ಲ ಒಳ್ಳೆಯ ರಾಕಿಯಾದೊಳಗೆ ಇಳಿದಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ರಾಂಗೆಲ್ ತಲೆ ಮೇಲೆ ಕೈ ಹೊತ್ತು ಕೂತ. ಸೆವ್ದಾ ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹೊರಗೆ ಹೋಗಿ ಉಗಿದು ಬಂದಳು.

"ಒತ್ತು ರಾಂಗೆಲ್" ಎಂದಳು. "ಇವತ್ತಿಂದ ಊಟಕ್ಕೆ ನನ್ನ ಜೊತೆ ಕೂತ್ಕೊ."

ಜನವರಿಯಲ್ಲಿ ಮದುವೆಯಾಯಿತು. ಊರಲ್ಲಿ ಉಳಿದದ್ದೆಲ್ಲ ನೀರು ಬೆರೆತ ರಾಕಿಯಾ ಆದ್ದರಿಂದ ಸೆವ್ದಾಳ ನಾರುವ ಜಾಡಿಯನ್ನೇ ಹೊರಗೆ ತೆಗೆಯಬೇಕಾಯಿತು. ಬಗ್ಗಿಸಿ ಕೊಡುವ ಕೆಲಸ ಗೆಂಚೊನದು. "ನೂರರದು, ಹುಷಾರು" ಎಂದು ಪರವೂರಿನ ನೆಂಟರಿಗೆಲ್ಲ ಎಚ್ಚರಿಸುತ್ತ ಹೋದ. ಅವರು ಮೂಗು ಹಿಡಿದು, ಭಕ್ತಿಯಿಂದ ಕುಡಿದರು. ಸುಳ್ಳು ಹೇಳದ ರಾಂಗೆಲ್ ಅದನ್ನು ತಡೆಯಬೇಕಿತ್ತು. ಅವನ ಕಿವಿಗೆ ಅದು ಬೀಳಲೇ ಇಲ್ಲ; ತಟ್ಟೆಯ ಊಟ ಆರಿದರೂ ಮುಟ್ಟದೆ, ಪಕ್ಕದಲ್ಲಿ ಕೂತ ಹೆಂಡತಿಯೊಂದಿಗೆ ಮಾತಾಡುತ್ತಿದ್ದ.